ಟೆನಿಸ್ ಶಿಬಿರಗಳಲ್ಲಿ ನಿಲ್ಲುವ ಜಾಗವನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಟೆನಿಸ್ ಅಂಗಳಗಳಲ್ಲಿ ಮಕ್ಕಳ ಸಾಲು ಉದ್ದವಾಗುತ್ತದೆ. ಬಹುತೇಕ ಶಿಬಿರಗಳಲ್ಲಿ ಪಾಠ ಒಂದೇ ಬಗೆಯದು. ತರಬೇತುದಾರರು ನೆಟ್ ಹತ್ತಿರ ಚೆಂಡಿನ ಬುಟ್ಟಿ ಇಟ್ಟುಕೊಂಡು ಒಂದೊಂದೇ ಚೆಂಡು ಹಾಕುತ್ತಾರೆ; ಮಗು ಆರು ಫೋರ್‌ಹ್ಯಾಂಡ್, ಆರು ಬ್ಯಾಕ್‌ಹ್ಯಾಂಡ್ ಹೊಡೆದು ಸಾಲಿನ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಹೊಡೆತದ ಆಕಾರ ತಿದ್ದಲು ಇದು ಬೇಕೇ ಬೇಕು. ಆದರೆ ಎರಡು ಮೂರು ವರ್ಷ ಹೀಗೇ ಕಲಿತ ಮಗು ಪಂದ್ಯಕ್ಕಿಳಿದಾಗ ಅಂಗಳದ ತುಂಬ ಓಡುತ್ತದೆ, ಪ್ರತಿ ಚೆಂಡಿಗೂ ಅರ್ಧ ಹೆಜ್ಜೆ ತಡವಾಗಿ ಮುಟ್ಟುತ್ತದೆ, ಅಭ್ಯಾಸದಲ್ಲಿ ಚೆಂದವಾಗಿದ್ದ ಹೊಡೆತವನ್ನು ಬಾಗಿ, ಚಾಚಿ, ಹೇಗೋ ಮುಗಿಸುತ್ತದೆ. ಹೊರಗೆ ಕೂತವರು ‘ಕಾಲು ನಿಧಾನ’ ಎಂದು ತೀರ್ಮಾನಿಸುತ್ತಾರೆ. ಮರುದಿನದಿಂದ ಮಗುವಿಗೆ ಏಣಿ ಹಾಸಿ ಜಿಗಿಸುವ ವ್ಯಾಯಾಮ ಶುರುವಾಗುತ್ತದೆ.

ಬಹಳ ಸಲ ತಪ್ಪು ಕಾಲಿನದಲ್ಲ. ಎದುರಾಳಿಯ ಮೈ ನೋಡಿ ಚೆಂಡು ಎತ್ತ ಬರಲಿದೆ ಎಂದು ಓದುವುದನ್ನೂ, ಹೊಡೆದ ಮೇಲೆ ಎಲ್ಲಿಗೆ ಬಂದು ನಿಲ್ಲಬೇಕು ಎಂಬುದನ್ನೂ ಆ ಮಗುವಿಗೆ ಯಾರೂ ಕಲಿಸಿಲ್ಲ. ಬುಟ್ಟಿಯಿಂದ ಬರುವ ಚೆಂಡಿನ ಹಿಂದೆ ಓದಲು ಏನೂ ಇರುವುದಿಲ್ಲ. ಅಲ್ಲಿ ಎದುರಾಳಿಯ ಭುಜವಿಲ್ಲ, ರ‍್ಯಾಕೆಟ್ ಹಿಂದಕ್ಕೆ ಹೋಗುವುದಿಲ್ಲ; ಮುಂದಿನ ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತು. ಚೆಂಡೆಸೆಯುವ ಯಂತ್ರದ್ದೂ ಇದೇ ಕೊರತೆ. ಕೈಗೆ ಪಾಠವಾಗುತ್ತದೆ, ಕಣ್ಣಿಗೆ ಆಗುವುದಿಲ್ಲ. ಈ ಪಾಠಕ್ಕೆ ಪ್ರತಿ ತರಗತಿಯಲ್ಲೂ ಕನಿಷ್ಠ 20 ನಿಮಿಷ ಮೀಸಲಿಡಬೇಕು ಎಂದು ತರಬೇತುದಾರರನ್ನೂ ಕ್ಲಬ್‌ಗಳನ್ನೂ ಒತ್ತಾಯಿಸಲು ಈ ಪತ್ರ.

ಮೊದಲು ಸಮಯದ ಲೆಕ್ಕ ನೋಡೋಣ. ಟೆನಿಸ್ ಅಂಗಳ ಬೇಸ್‌ಲೈನ್‌ನಿಂದ (ತುದಿಯ ಅಡ್ಡಗೆರೆ) ಬೇಸ್‌ಲೈನ್‌ಗೆ 78 ಅಡಿ, ಅಂದರೆ 23.77 ಮೀಟರ್. ಚೆನ್ನಾಗಿ ಆಡುವ ಹದಿಹರೆಯದವರ ಹೊಡೆತ ರ‍್ಯಾಕೆಟ್‌ನಿಂದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟರೂ ಗಾಳಿಗೆ, ನೆಲಕ್ಕೆ ಬಡಿದು ವೇಗ ಇಳಿದು ಇನ್ನೊಂದು ತುದಿ ಮುಟ್ಟಲು ಸುಮಾರು ಒಂದೂಕಾಲು ಸೆಕೆಂಡು ಹಿಡಿಯುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಚೆಂಡು ನೆಟ್ ದಾಟುವವರೆಗೂ ಕಾದು, ಆಮೇಲೆ ದಿಕ್ಕು ತಿಳಿದು ಹೊರಡುವ ಮಗು ಅಲ್ಲೇ ಅರ್ಧ ಸೆಕೆಂಡು ಕಳೆದುಕೊಂಡಿರುತ್ತದೆ. ಸೆಕೆಂಡಿಗೆ ನಾಲ್ಕು ಮೀಟರ್ ಓಡುವ ಮಗುವಿಗೆ ಅರ್ಧ ಸೆಕೆಂಡು ಎಂದರೆ ಎರಡು ಮೀಟರ್. ಸಿಂಗಲ್ಸ್ ಅಂಗಳದ ಅಗಲವೇ 8.23 ಮೀಟರ್, ಅರ್ಧ ಎಂದರೆ ನಾಲ್ಕು ಮೀಟರ್ ಚಿಲ್ಲರೆ. ಆ ಅರ್ಧದಲ್ಲಿ ಅರ್ಧ ಹೀಗೆ ಕೈಬಿಟ್ಟುಹೋಯಿತು. ಯಾವ ಏಣಿ ವ್ಯಾಯಾಮವೂ ಒಂದು ಮಗುವಿಗೆ ಇಷ್ಟು ವೇಗ ತಂದುಕೊಡಲಾರದು.

ಹಾಗಾದರೆ ಎಲ್ಲಿ ನಿಲ್ಲಬೇಕು? ಹೊಡೆದ ಕೂಡಲೇ ‘ಸೆಂಟರ್‌ಗೆ ಬಾ’ ಎಂದು ಕೂಗುವುದು ನಮ್ಮ ಅಂಗಳಗಳ ರೂಢಿ. ಬ್ಯಾಡ್ಮಿಂಟನ್ ಆಡಿ ಬಂದ ಮಕ್ಕಳಲ್ಲಿ ಇದು ಇನ್ನೂ ಗಟ್ಟಿಯಾಗಿ ಕೂತಿರುತ್ತದೆ. ಪ್ರಕಾಶ್ ಪಡುಕೋಣೆಯವರ ನಾಡಿನಲ್ಲಿ ಮಕ್ಕಳು ಮೊದಲು ಹಿಡಿಯುವುದು ಶಟಲ್ ರ‍್ಯಾಕೆಟ್ ಆಗಿರುವುದು ಸಹಜ. ಆ ಆಟದಲ್ಲಿ ಪ್ರತಿ ಹೊಡೆತದ ಬಳಿಕ ನಡು ಅಂಗಳದ ಆಸುಪಾಸಿಗೆ ಮರಳುವುದು ಮೊದಲ ಪಾಠ. ಟೆನಿಸ್‌ನಲ್ಲಿ ಮರಳುವ ಜಾಗ ಪ್ರತಿ ಹೊಡೆತಕ್ಕೂ ಬದಲಾಗುತ್ತದೆ. ಬೇಸ್‌ಲೈನ್ ನಡುವಿನ ಪುಟ್ಟ ಗೆರೆ, ಸೆಂಟರ್ ಮಾರ್ಕ್, ಅಂಗಳದ ನಡು ಮಾತ್ರ. ನೀವು ನಿಲ್ಲಬೇಕಾದದ್ದು ಎದುರಾಳಿ ಹೊಡೆಯಬಲ್ಲ ಕೋನದ ನಡುವಿನಲ್ಲಿ. ಇವೆರಡೂ ಒಂದೇ ಜಾಗದಲ್ಲಿ ಇರುವುದು ಎದುರಾಳಿ ತನ್ನ ಕಡೆಯ ನಡುವಿನಿಂದ ಹೊಡೆಯುವಾಗ ಮಾತ್ರ.

ಒಂದು ಉದಾಹರಣೆ. ನೀವು ನಿಮ್ಮ ಬಲ ಮೂಲೆಯಲ್ಲಿ, ಸೆಂಟರ್ ಮಾರ್ಕ್‌ನಿಂದ 13 ಅಡಿ ದೂರದಲ್ಲಿ ನಿಂತು ಕ್ರಾಸ್‌ಕೋರ್ಟ್ ಹೊಡೆದಿರಿ. ಚೆಂಡು ಕರ್ಣವಾಗಿ ಹೋಗಿ, ನಿಮಗೆ ಎಡಗಡೆ ಕಾಣುವ ದೂರದ ಮೂಲೆಯಲ್ಲಿರುವ ಎದುರಾಳಿಗೆ ಸಿಕ್ಕಿತು. ಅವರ ಮುಂದೆ ಎರಡು ತುದಿಗಳಿವೆ. ಒಂದು, ನೇರವಾಗಿ ನಿಮ್ಮ ಎಡ ಮೂಲೆಗೆ. ಇನ್ನೊಂದು, ನಿಮ್ಮ ಬಲ ಸೈಡ್‌ಲೈನ್‌ನ ಹೊರಕ್ಕೆ ಹೋಗುವ ಚಿಕ್ಕ ಕರ್ಣದ ಹೊಡೆತ. ಅದು ಸರ್ವಿಸ್ ಲೈನ್ (ನೆಟ್ ಮತ್ತು ಬೇಸ್‌ಲೈನ್ ನಡುವಿನ ಅಡ್ಡಗೆರೆ) ಮಟ್ಟದಲ್ಲಿ, ಬೇಸ್‌ಲೈನ್‌ಗೆ 18 ಅಡಿ ಮೊದಲೇ ಸೈಡ್‌ಲೈನ್ ಮುಟ್ಟಿ, ಬೇಸ್‌ಲೈನ್ ತಲುಪುವ ಹೊತ್ತಿಗೆ ಅಂಗಳದಿಂದ ಸುಮಾರು ಎಂಟು ಅಡಿ ಆಚೆ ಇರುತ್ತದೆ. ಈ ಎರಡು ಗೆರೆಗಳ ನಡುವಿನ ಕೋನವನ್ನು ಸಮನಾಗಿ ಸೀಳಿದರೆ, ಸೀಳುವ ಗೆರೆ ನಿಮ್ಮ ಬೇಸ್‌ಲೈನನ್ನು ಮುಟ್ಟುವುದು ಸೆಂಟರ್ ಮಾರ್ಕ್‌ನಿಂದ ಸುಮಾರು ಮೂರು ಅಡಿ ಬಲಕ್ಕೆ. ನೀವು ನಿಲ್ಲಬೇಕಾದದ್ದು ಅಲ್ಲಿ. ಮೂಲೆಯಿಂದ ಅಲ್ಲಿಗೆ 10 ಅಡಿ.

ಅದೇ ಮೂಲೆಯಿಂದ ನೀವು ನೇರವಾಗಿ, ಡೌನ್ ದ ಲೈನ್ ಹೊಡೆದಿದ್ದರೆ ಚಿತ್ರ ಮಗುಚುತ್ತದೆ. ಈಗ ನಿಲ್ಲುವ ಜಾಗ ಸೆಂಟರ್ ಮಾರ್ಕ್ ದಾಟಿ ಮೂರು ಅಡಿ ಎಡಕ್ಕೆ. ಮೂಲೆಯಿಂದ 16 ಅಡಿ. ಆರು ಅಡಿ ಹೆಚ್ಚು ಓಟ, ಅಂದರೆ ಎರಡು ಮೂರು ಹೆಜ್ಜೆ. ಸಾಲದ್ದಕ್ಕೆ ನೇರ ಹೊಡೆತ ಎದುರಾಳಿಯನ್ನು ಬೇಗ ಮುಟ್ಟುತ್ತದೆ: ಸಿಂಗಲ್ಸ್ ಅಂಗಳದ ಮೂಲೆಯಿಂದ ಮೂಲೆಗೆ ಕರ್ಣ 82.5 ಅಡಿ, ನೇರ 78 ಅಡಿ. ನೆಟ್ ನಡುವಿನಲ್ಲಿ 3 ಅಡಿ ಇದ್ದರೆ ಕಂಬದ ಬಳಿ ಮೂರೂವರೆ ಅಡಿ. ಹೀಗಾಗಿ ಕರ್ಣದ ಹೊಡೆತಕ್ಕೆ ತಗ್ಗಿನ ನೆಟ್, ಹೆಚ್ಚಿನ ಉದ್ದ, ಮರಳಲು ಕಡಿಮೆ ದೂರ. ನೇರ ಹೊಡೆತಕ್ಕೆ ಎತ್ತರದ ನೆಟ್, ಕಡಿಮೆ ಉದ್ದ, ಹೆಚ್ಚು ಓಟ. ಸಮತೋಲ ತಪ್ಪಿ ಓಡುತ್ತಿರುವಾಗ ನೇರ ಹೊಡೆತ ಬೇಡ ಎಂದು ಅನುಭವಿಗಳು ಹೇಳುವುದರ ಹಿಂದೆ ಇರುವ ಲೆಕ್ಕ ಇದು. ಮಕ್ಕಳಿಗೆ ‘ಬೇಡ’ ಎಂಬುದನ್ನಷ್ಟೇ ಹೇಳಿ ಈ ಲೆಕ್ಕವನ್ನು ತೋರಿಸದಿದ್ದರೆ ಅವರು ಅದನ್ನು ಹೆದರಿಕೆ ಎಂದುಕೊಳ್ಳುತ್ತಾರೆ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು ಎರಡು ಹಗ್ಗ ಸಾಕು. ಒಂದು 25 ಮೀಟರ್, ಇನ್ನೊಂದು 21 ಮೀಟರ್. ಎರಡರ ಒಂದೊಂದು ತುದಿಯನ್ನು ಆಚೆ ಮೂಲೆಯಲ್ಲಿ ನಿಂತ ಹುಡುಗನ ಕೈಗೆ ಕೊಡಿ. ಉದ್ದದ ಹಗ್ಗವನ್ನು ನೆಟ್ ಮೇಲಿಂದ ನೇರ ಎಳೆದು ಎದುರಿನ ಮೂಲೆಗೆ, ಗಿಡ್ಡದನ್ನು ಕರ್ಣವಾಗಿ ಎಳೆದು ಸೈಡ್‌ಲೈನ್ ಮೇಲೆ ಸರ್ವಿಸ್ ಲೈನ್ ಮಟ್ಟದ ಬಿಂದುವಿಗೆ ಹಿಡಿಸಿ. ನಡುವೆ ಮಗುವನ್ನು ನಿಲ್ಲಿಸಿ. ಆಚೆಯ ಹುಡುಗ ಎಡಕ್ಕೆ, ಬಲಕ್ಕೆ ಸರಿದ ಹಾಗೆ ತಾನೂ ಸರಿಯಬೇಕಾಗುವುದನ್ನು ಮಗು ಕಂಡುಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಅದೇ ಹಗ್ಗದಲ್ಲಿ ಕಾಣುತ್ತದೆ: ಬೇಸ್‌ಲೈನ್‌ನಿಂದ ಹಿಂದೆ ಹೋದಷ್ಟೂ ಹಗ್ಗಗಳ ದಿಕ್ಕಿನಲ್ಲಿ ಅಂತರ ಅಗಲವಾಗುತ್ತದೆ. ಆರು ಅಡಿ ಹಿಂದೆ ಸರಿದರೆ ಕಾಯಬೇಕಾದ ಅಗಲ ಎರಡೂವರೆ ಅಡಿಯಷ್ಟು ಹೆಚ್ಚು. ಹಿಂದೆ ನಿಂತರೆ ಸಮಯ ಸಿಗುತ್ತದೆ, ಆದರೆ ಬೆಲೆಯನ್ನು ಓಟದಲ್ಲಿ ತೆರಬೇಕು. ಸರ್ವ್ ಎದುರಿಸಲು ರಫೆಲ್ ನಡಾಲ್, ಡೇನಿಯಲ್ ಮೆಡ್ವೆಡೆವ್ ಬೇಲಿಯ ಹತ್ತಿರ ಹೋಗಿ ನಿಂತದ್ದನ್ನು ಟಿವಿಯಲ್ಲಿ ಕಂಡ ಮಕ್ಕಳು ತಾವೂ ಹಾಗೇ ನಿಲ್ಲುತ್ತಾರೆ. ಅಷ್ಟು ದೂರದಿಂದ ಅಗಲಕ್ಕೆ ಓಡಿ, ಉದ್ದಕ್ಕೆ ಹೊಡೆದು, ಮತ್ತೆ ಬೇಸ್‌ಲೈನ್‌ಗೆ ಮರಳುವ ಕಾಲು ಅವರಿಬ್ಬರಿಗೂ ಇತ್ತು. 12 ವರ್ಷದವರಿಗೆ ಅದು ತಕ್ಕ ಜಾಗವಲ್ಲ. ಇತ್ತ ರೋಜರ್ ಫೆಡರರ್ 2015ರಲ್ಲಿ ಎರಡನೇ ಸರ್ವ್‌ಗೆ ಸರ್ವಿಸ್ ಲೈನ್ ಹತ್ತಿರಕ್ಕೇ ನುಗ್ಗಿ ಹೊಡೆದರು. ಅದೂ ಅನುಕರಿಸುವ ಸಂಗತಿಯಲ್ಲ. ಆದರೆ ನಿಲ್ಲುವ ಜಾಗವೂ ಒಂದು ಆಯುಧ ಎಂಬುದು ಎರಡರಲ್ಲೂ ಸ್ಪಷ್ಟ.

ಒಂದು ತಿದ್ದುಪಡಿ ಇಲ್ಲೇ ಹೇಳಬೇಕು. ಆ ಮೂರು ಅಡಿ ಎಂಬುದು, ಚಿಕ್ಕ ಕರ್ಣ ಹೊಡೆಯಬಲ್ಲ ಎದುರಾಳಿಗೆ ಹಾಕಿದ ಲೆಕ್ಕ. ಅದು ಹೊಡೆಯಲು ಬಾರದ ಎದುರಾಳಿಯ ಕೋನ ಕಿರಿದು, ಅವರ ಎದುರು ಸೆಂಟರ್ ಮಾರ್ಕ್ ಹತ್ತಿರವೇ ನಿಂತರೆ ಸರಿ. ಎಡಗೈ ಆಟಗಾರರ ಫೋರ್‌ಹ್ಯಾಂಡ್ ಕರ್ಣ ಬಲಗೈಯವರ ಬ್ಯಾಕ್‌ಹ್ಯಾಂಡ್ ಕಡೆಗೆ ಬರುವುದರಿಂದ ಅಲ್ಲಿ ಅರ್ಧ ಹೆಜ್ಜೆ ಹೆಚ್ಚು ಬಿಡಬೇಕು. ಪಂದ್ಯದ ಮೊದಲ ಮೂರು ನಾಲ್ಕು ಗೇಮ್‌ಗಳನ್ನು ಎದುರಾಳಿಯ ಕೋನ ಅಳೆಯಲು ಬಳಸಿಕೊಳ್ಳುವಂತೆ ಮಕ್ಕಳಿಗೆ ಹೇಳಬೇಕು.

ನೆಟ್ ಬಳಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ, ಹೆಚ್ಚಿನವರು ಎಡವುವುದೂ ಅಲ್ಲೇ. ಬೇಸ್‌ಲೈನ್‌ನಲ್ಲಿ ಚೆಂಡಿನಿಂದ ದೂರದ ಕಡೆಗೆ ಮೂರು ಅಡಿ ಸರಿದರೆ, ನೆಟ್‌ನಿಂದ ಎಂಟು ಒಂಬತ್ತು ಅಡಿಯಲ್ಲಿ ನಿಂತಾಗ ಚೆಂಡು ಇರುವ ಕಡೆಗೇ ಎರಡು ಮೂರು ಅಡಿ ಸರಿಯಬೇಕು. ಕೋನವನ್ನು ಸೀಳುವ ಗೆರೆ ಎದುರಾಳಿಯ ಚೆಂಡಿನಿಂದ ಹೊರಟು ಅಂಗಳದ ನಡುಗೆರೆಯನ್ನು ಅಡ್ಡ ದಾಟಿ ಇನ್ನೊಂದು ಬದಿಗೆ ಹೋಗುತ್ತದೆ. ನೆಟ್ ಬಳಿ ಅದು ಇನ್ನೂ ದಾಟಿರುವುದಿಲ್ಲ. ನೆಟ್‌ಗೆ ನುಗ್ಗುವಾಗ ಬಲ ಮೂಲೆಯಿಂದ ಕರ್ಣವಾಗಿ ಹೊಡೆದವರು ಅಂಗಳದ ಅಗಲವನ್ನೇ ದಾಟಿ ಓಡಬೇಕಾಗುತ್ತದೆ, ನೇರ ಹೊಡೆದವರು ಇದ್ದ ದಿಕ್ಕಿನಲ್ಲೇ ಮುಂದೆ ಹೋದರೆ ಸಾಕು. ಬೇಸ್‌ಲೈನ್‌ನಲ್ಲಿ ಕರ್ಣ ಒಳ್ಳೆಯದು, ನೆಟ್‌ಗೆ ಬರುವಾಗ ನೇರ ಒಳ್ಳೆಯದು ಎನ್ನುವ ಎರಡು ಸಲಹೆಗಳು ಒಂದಕ್ಕೊಂದು ವಿರುದ್ಧ ಎಂದು ಮಕ್ಕಳು ಗೊಂದಲಪಡುತ್ತಾರೆ. ಎರಡೂ ಒಂದೇ ಗೆರೆಯಿಂದ ಹುಟ್ಟಿದವು ಎಂದು ಹಗ್ಗ ಎಳೆದು ತೋರಿಸಿದರೆ ಗೊಂದಲ ಐದು ನಿಮಿಷದಲ್ಲಿ ಕಳೆಯುತ್ತದೆ.

ಜಾಗ ತಿಳಿದ ಮೇಲೆ ಗಳಿಗೆ. ಎದುರಾಳಿ ಹೊಡೆಯುವ ಕ್ಷಣದಲ್ಲಿ ಸಣ್ಣದೊಂದು ಜಿಗಿತ ಜಿಗಿದು ಎರಡೂ ಕಾಲಿನ ಮುಂಪಾದದ ಮೇಲೆ ಇಳಿಯುವುದಕ್ಕೆ ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಹೆಸರು ಎಲ್ಲ ಮಕ್ಕಳಿಗೂ ಗೊತ್ತು, ಗಳಿಗೆ ಬಹಳ ಕಡಿಮೆ ಜನಕ್ಕೆ ಗೊತ್ತು. ಎದುರಾಳಿಯ ರ‍್ಯಾಕೆಟ್ ಹಿಂದಿನಿಂದ ಮುಂದಕ್ಕೆ ಬರತೊಡಗಿದಾಗ ನೆಲ ಬಿಡಬೇಕು, ಚೆಂಡಿಗೆ ರ‍್ಯಾಕೆಟ್ ತಗುಲಿದ ಬೆನ್ನಲ್ಲೇ ಇಳಿಯಬೇಕು. ಎತ್ತರ ಎರಡು ಮೂರು ಅಂಗುಲ ಸಾಕು. ಕಾಲುಗಳ ನಡುವೆ ಭುಜಕ್ಕಿಂತ ತುಸು ಹೆಚ್ಚು ಅಗಲ, ಮೊಣಕಾಲು ಸಡಿಲ, ಎದೆ ಕೊಂಚ ಮುಂದೆ. ಇಳಿಯುವಾಗ ಬಾಗಿದ ಕಾಲು ಬುಗ್ಗೆಯಂತೆ ಮೈಯನ್ನು ಪಕ್ಕಕ್ಕೆ ನೂಕಿಕೊಡುತ್ತದೆ. ಬೇಗ ಜಿಗಿದರೆ ಚೆಂಡಿಗೆ ಮೊದಲೇ ಇಳಿದು ಕಾಲು ಮತ್ತೆ ನೆಲಕ್ಕೆ ಅಂಟಿಕೊಳ್ಳುತ್ತದೆ. ನುರಿಯದ ಮಕ್ಕಳಲ್ಲಿ ಕಾಣುವ ಸಾಮಾನ್ಯ ತಪ್ಪು ಇದು. ತಡವಾಗಿ ಜಿಗಿದರೆ ಚೆಂಡು ದಿಕ್ಕು ಹಿಡಿದಾಗ ಮಗು ಇನ್ನೂ ಗಾಳಿಯಲ್ಲೇ ಇರುತ್ತದೆ. ಎತ್ತರ ಜಿಗಿದರೂ ಅದೇ ಫಲ. ಹಿಮ್ಮಡಿಯ ಮೇಲೆ ಇಳಿದರೆ ಮೊದಲ ಹೆಜ್ಜೆ ಹಿಂದಕ್ಕೇ ಹೋಗುತ್ತದೆ. ಪಳಗಿದವರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಬಲಕ್ಕೆ ಹೋಗಬೇಕೆಂದು ಗಾಳಿಯಲ್ಲಿರುವಾಗಲೇ ತಿಳಿದರೆ ಎಡಗಾಲು ಮೊದಲು ನೆಲ ಮುಟ್ಟಿ ತಳ್ಳುತ್ತದೆ, ಬಲ ಪಾದ ಹೊರಕ್ಕೆ ತಿರುಗಿಯೇ ಇಳಿಯುತ್ತದೆ. ಇದನ್ನು ಬಾಯಿಮಾತಲ್ಲಿ ಕಲಿಸಲು ಹೋಗಬಾರದು. ಗಳಿಗೆ ಸರಿಯಾದರೆ ತಾನಾಗಿ ಬರುತ್ತದೆ.

ಜಾಗ ಮತ್ತು ಗಳಿಗೆ ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಗಳಿಗೆಯನ್ನು ಆರಿಸಿ. ಗುರುತಿನ ಜಾಗಕ್ಕೆ ಇನ್ನೂ ಎರಡು ಹೆಜ್ಜೆ ಬಾಕಿ ಇದ್ದರೂ ಎದುರಾಳಿಯ ರ‍್ಯಾಕೆಟ್ ಮುಂದಕ್ಕೆ ಬರತೊಡಗಿದರೆ ಅಲ್ಲೇ ನಿಂತು ಜಿಗಿಯಬೇಕು. ಓಡುತ್ತಲೇ ಇರುವ ಮಗುವಿನ ಬೆನ್ನ ಹಿಂದಕ್ಕೆ ಚೆಂಡು ಹೊಡೆಯುವುದು ಎದುರಾಳಿಗೆ ಅತಿ ಸುಲಭ.

ಇನ್ನು ಓದುವ ಪಾಠ. ಕಬಡ್ಡಿಯಲ್ಲಿ ಮೂಲೆ ಕಾಯುವವರು ರೈಡರ್‌ನ ಕೈಬೀಸಿಗೆ ಮರುಳಾಗದೆ ಕಾಲನ್ನು ನೋಡುತ್ತಾರೆ. ಟೆನಿಸ್‌ನಲ್ಲಿ ನಾವು ಮಕ್ಕಳಿಗೆ ‘ಚೆಂಡಿನ ಮೇಲೆ ಕಣ್ಣಿಡು’ ಎಂದು ಮಾತ್ರ ಹೇಳುತ್ತೇವೆ. ನಾವು ಹೊಡೆಯುವಾಗ ಆ ಮಾತು ಸರಿ. ಆದರೆ ನಮ್ಮ ಚೆಂಡು ನೆಟ್ ದಾಟಿದ ಮೇಲೆ ಕಣ್ಣು ಚೆಂಡನ್ನು ಬಿಟ್ಟು ಎದುರಾಳಿಯ ಭುಜ, ಸೊಂಟ, ರ‍್ಯಾಕೆಟ್ ತಲೆಯ ಕಡೆ ಹೋಗಬೇಕು. ಕಣ್ಣಿನ ಕೆಲಸ ಎರಡು ಪಾಳಿಯದು ಎಂದು ಹೇಳಿಕೊಡದ ಕಾರಣ ಮಕ್ಕಳು ತಾವು ಹೊಡೆದ ಚೆಂಡನ್ನು ಪ್ರೇಕ್ಷಕರಂತೆ ನೋಡುತ್ತ ನಿಲ್ಲುತ್ತಾರೆ.

ಮೊದಲು ಓದಬೇಕಾದದ್ದು ನಿಮ್ಮದೇ ಹೊಡೆತವನ್ನು. ಚೆಂಡು ಎದುರಾಳಿಯ ಬೇಸ್‌ಲೈನ್‌ನಿಂದ ಮೂರು ಅಡಿ ಒಳಗೆ ಬಿದ್ದು ಅವರನ್ನು ಹಿಂದಕ್ಕೆ ತಳ್ಳಿದರೆ ಉತ್ತರ ಬಹುಪಾಲು ಗಿಡ್ಡದೇ. ಒಂದು ಹೆಜ್ಜೆ ಒಳಗೆ ಬನ್ನಿ. ನಿಮ್ಮ ಚೆಂಡು ಸರ್ವಿಸ್ ಲೈನ್ ಹತ್ತಿರ ಮೆತ್ತಗೆ ಬಿದ್ದರೆ ಎರಡು ಹೆಜ್ಜೆ ಹಿಂದೆ ಸರಿದು ಕಾಯಿರಿ. ತಗ್ಗಿನ ಸ್ಲೈಸ್ (ಚೆಂಡನ್ನು ಕೊಯ್ದಂತೆ ಹೊಡೆಯುವ ಹೊಡೆತ) ಎದುರಾಳಿಯ ಮೊಣಕಾಲಿನ ಮಟ್ಟದಲ್ಲೇ ಉಳಿದರೆ ಅವರು ಅದನ್ನು ಎತ್ತಲೇಬೇಕು, ಗಟ್ಟಿಯಾಗಿ ಕೆಳಮುಖ ಹೊಡೆಯಲು ಆಗದು. ಬ್ಯಾಕ್‌ಹ್ಯಾಂಡ್ ಕಡೆ ಭುಜಕ್ಕಿಂತ ಮೇಲೆ ಪುಟಿದ ಚೆಂಡಿಗೆ, ಅದರಲ್ಲೂ ಒಂದೇ ಕೈಯಲ್ಲಿ ಹೊಡೆಯುವವರಿಂದ, ಜೋರಿನ ಉತ್ತರ ಕಷ್ಟ. ಇಷ್ಟನ್ನು ತಿಳಿದರೇ ಎದುರಾಳಿಯ ದಾರಿಗಳಲ್ಲಿ ಅರ್ಧ ಮುಚ್ಚಿದಂತೆ.

ಆಮೇಲೆ ಅವರ ಮೈ. ಬಲಗೈಯವರು ಫೋರ್‌ಹ್ಯಾಂಡ್‌ನಲ್ಲಿ ಚೆಂಡನ್ನು ಮೈಯಿಂದ ಬಹಳ ಮುಂದೆ ಸಂಧಿಸಿದರೆ ಅದು ಅವರ ಎಡಕ್ಕೆ, ಅಂದರೆ ಕರ್ಣವಾಗಿ ಹೋಗುತ್ತದೆ. ಚೆಂಡು ಅವರ ಮೈಯ ಪಕ್ಕಕ್ಕೆ ಬಂದುಬಿಟ್ಟಿದ್ದರೆ, ತಡವಾಗಿದ್ದರೆ, ಅದನ್ನು ಕರ್ಣವಾಗಿ ಎಳೆಯಲು ಸಾಧ್ಯವಿಲ್ಲ. ಅಗಲಕ್ಕೆ ಓಡಿ ಚಾಚಿ ಹೊಡೆಯುತ್ತಿರುವವರಿಂದ ಹೆಚ್ಚಾಗಿ ಎತ್ತರದ ಲಾಬ್ ಇಲ್ಲವೇ ಬ್ಲಾಕ್ ಬರುತ್ತದೆ. ಹಿಂಗಾಲಿನ ಮೇಲೆ ತೂಕ ಬಿದ್ದರೆ ಚೆಂಡು ಗಿಡ್ಡ. ರ‍್ಯಾಕೆಟ್ ತಲೆ ಚೆಂಡಿಗಿಂತ ಬಹಳ ಕೆಳಗಿಳಿದರೆ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುತ್ತ ಬರುವ ಚೆಂಡು. ಮೇಲೇ ಉಳಿದು ಮುಖ ಆಕಾಶಕ್ಕೆ ತೆರೆದರೆ ಸ್ಲೈಸ್ ಅಥವಾ ಡ್ರಾಪ್ ಶಾಟ್ (ನೆಟ್ ದಾಟಿದ ಕೂಡಲೇ ಬೀಳುವ ಮೆತ್ತನೆಯ ಹೊಡೆತ). ಈ ಕೊನೆಯ ಎರಡನ್ನು ಬೇರ್ಪಡಿಸುವುದು ಕಷ್ಟ, ಒಳ್ಳೆಯ ಆಟಗಾರರು ಬೇಕೆಂದೇ ಎರಡನ್ನೂ ಒಂದೇ ಥರ ತೋರಿಸುತ್ತಾರೆ. ಎದುರಾಳಿ ಬೇಸ್‌ಲೈನ್ ಒಳಗೆ ನಿಂತು, ನೀವು ಬಹಳ ಹಿಂದೆ ಇದ್ದರೆ ಡ್ರಾಪ್ ಶಾಟ್ ಎಂದುಕೊಳ್ಳಿ. ಅವರು ಹಿಂದೆ ಇದ್ದರೆ ಸ್ಲೈಸ್.

ಇಲ್ಲಿ ಓದುವುದಕ್ಕೂ ಜೂಜಿಗೂ ಇರುವ ಗೆರೆಯನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಬೇಕು. ‘ಇಲ್ಲಿಗೇ ಬರುತ್ತದೆ’ ಎಂದು ನಿರ್ಧರಿಸಿ ಮೊದಲೇ ಓಡುವುದು ಜೂಜು. ‘ಅಲ್ಲಿಗೆ ಬರಲಾರದು’ ಎಂದು ಒಂದು ದಾರಿಯನ್ನು ತೆಗೆದುಹಾಕಿ, ಉಳಿದುದರ ಕಡೆಗೆ ಅರ್ಧ ಹೆಜ್ಜೆ ವಾಲುವುದು ಓದು. ಮೊದಲನೆಯದರಲ್ಲಿ ತಪ್ಪಿದರೆ ಪಾಯಿಂಟ್ ಹೋಯಿತು, ಎರಡನೆಯದರಲ್ಲಿ ತಪ್ಪಿದರೂ ಸ್ಪ್ಲಿಟ್ ಸ್ಟೆಪ್ ನಿಮ್ಮನ್ನು ಉಳಿಸುತ್ತದೆ.

ಸರ್ವ್ ಎದುರಿಸುವಾಗ ಓದಲು ಸಿಗುವುದು ಟಾಸ್, ಅಂದರೆ ಸರ್ವ್‌ಗೆ ಚೆಂಡನ್ನು ಮೇಲೆಸೆಯುವ ರೀತಿ. ಬಲಗೈಯವರು ಚೆಂಡನ್ನು ತಮ್ಮ ಬಲಕ್ಕೆ ಹೆಚ್ಚು ಎಸೆದರೆ ಸ್ಲೈಸ್ ಸರ್ವ್. ಅದು ನಿಮ್ಮ ಬಲಕ್ಕೆ ಬಾಗುತ್ತದೆ. ತಲೆಯ ಮೇಲೆ ಅಥವಾ ಎಡಕ್ಕೆ ಎಸೆದರೆ ಕಿಕ್. ಪುಟಿದು ನಿಮ್ಮ ಎಡಕ್ಕೆ, ಎತ್ತರಕ್ಕೆ ಏರುತ್ತದೆ. ಮುಂದಕ್ಕೆ ಎಸೆದರೆ ಚಪ್ಪಟೆ, ಜೋರು. ಡ್ಯೂಸ್ ಕಡೆಯಲ್ಲಿ (ನಿಮ್ಮ ಬಲ ಅರ್ಧದಲ್ಲಿ), ಸರ್ವ್ ಮಾಡುವವರು ಸೆಂಟರ್ ಮಾರ್ಕ್ ಹತ್ತಿರ ನಿಂತಿದ್ದರೆ, ನೀವು ನಿಮ್ಮ ಸೆಂಟರ್ ಮಾರ್ಕ್‌ನಿಂದ ಸುಮಾರು 10–11 ಅಡಿ ಬಲಕ್ಕೆ ನಿಂತರೆ ಎರಡೂ ಕಡೆ ಸಮ. ಅವರು ಮೂರು ಅಡಿ ಹೊರಗೆ ಸರಿದು ನಿಂತರೆ ನೀವೂ ಒಂದೆರಡು ಅಡಿ ಹೊರಗೆ ಸರಿಯಬೇಕು. ಎಷ್ಟೋ ಮಕ್ಕಳು ಎದುರಾಳಿ ಎಲ್ಲಿ ನಿಂತಿದ್ದಾರೆ ಎಂದು ನೋಡುವುದೇ ಇಲ್ಲ. ಅಗಲಕ್ಕೆ ಬಂದ ಸರ್ವ್‌ಗೆ ಬೇಸ್‌ಲೈನ್ ಉದ್ದಕ್ಕೂ ಪಕ್ಕಕ್ಕೆ ಓಡಿದರೆ ಚೆಂಡು ಇನ್ನೂ ದೂರ ಹೋಗುತ್ತಿರುತ್ತದೆ. ಓರೆಯಾಗಿ ಮುಂದಕ್ಕೆ ಹೋಗಿ ಅದನ್ನು ಅಡ್ಡಗಟ್ಟಬೇಕು.

ಓದುವುದು ಹುಟ್ಟುಗುಣ, ಕಲಿಸಿದರೆ ಬರುವುದಲ್ಲ ಎಂಬ ವಾದವಿದೆ. 16ನೇ ವಯಸ್ಸಿಗೆ, 1997ರಲ್ಲಿ, ಒಂದೇ ವರ್ಷ ಆಸ್ಟ್ರೇಲಿಯಾ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಗೆದ್ದ ಮಾರ್ಟಿನಾ ಹಿಂಗಿಸ್ ಅವರನ್ನು ಈ ವಾದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಆದರೆ ಆಂಡ್ರೆ ಅಗಾಸಿ ಹೇಳಿದ್ದನ್ನು ನೆನೆಯಬೇಕು. ಬೋರಿಸ್ ಬೆಕರ್ ಎದುರು ಮೊದಲ ಮೂರು ಪಂದ್ಯ ಸೋತ ಅಗಾಸಿ, ಬೆಕರ್ ಸರ್ವ್ ಮಾಡುವ ಮುನ್ನ ನಾಲಿಗೆ ಹೊರಚಾಚುವುದನ್ನು ವಿಡಿಯೊಗಳಲ್ಲಿ ಮತ್ತೆ ಮತ್ತೆ ನೋಡಿದರು. ನಾಲಿಗೆ ತುಟಿಯ ನಡುವೆ ಇದ್ದರೆ ಸರ್ವ್ ನಡುವಿಗೆ ಅಥವಾ ಮೈಮೇಲೆ, ಪಕ್ಕಕ್ಕೆ ಇದ್ದರೆ ಅಗಲಕ್ಕೆ ಎಂದು ಕಂಡುಕೊಂಡರು. ಆ ಗುಟ್ಟು ತಮಗೆ ತಿಳಿದಿದೆ ಎಂದು ಬೆಕರ್‌ಗೆ ಗೊತ್ತಾಗದಂತೆ ನೋಡಿಕೊಳ್ಳುವುದೇ ಕಷ್ಟವಾಗಿತ್ತು ಎಂದೂ ಹೇಳಿದ್ದಾರೆ. ಇದು ಹುಟ್ಟುಗುಣವಲ್ಲ. ಕೂತು ನೋಡಿದ, ಗುರುತು ಹಾಕಿಕೊಂಡ ಕೆಲಸ. ಶಿಬಿರದ ಮಕ್ಕಳಿಗೂ ಒಂದು ನೋಟ್‌ಬುಕ್ ಕೊಟ್ಟು, ಗೆಳೆಯರ ಪಂದ್ಯ ನೋಡುವಾಗ ‘30–40 ಆದಾಗ (ಸರ್ವ್ ಮಾಡುವವರು ಗೇಮ್ ಸೋಲುವ ಅಂಚಿನಲ್ಲಿದ್ದಾಗ) ಸರ್ವ್ ಎಲ್ಲಿಗೆ, ಓಡುವಾಗ ಬ್ಯಾಕ್‌ಹ್ಯಾಂಡ್ ಎಲ್ಲಿಗೆ’ ಎಂಬ ಎರಡೇ ಸಂಗತಿ ಬರೆಯಲು ಹೇಳಬಹುದು. ಅದಕ್ಕಿಂತ ಹೆಚ್ಚು ಕೇಳಿದರೆ ಬರೆಯುವುದನ್ನೇ ಬಿಡುತ್ತಾರೆ.

ಡಬಲ್ಸ್ ಕುರಿತು ಒಂದೆರಡೇ ಮಾತು, ಏಕೆಂದರೆ ಅದು ಬೇರೆಯೇ ಪತ್ರಕ್ಕೆ ಆಗುವಷ್ಟಿದೆ. ನೆಟ್ ಬಳಿ ಇಬ್ಬರೂ ಇದ್ದಾಗ ನಡುವೆ 10–12 ಅಡಿ ಹಗ್ಗ ಕಟ್ಟಿದಂತೆ ಒಟ್ಟಿಗೆ ಸರಿಯಬೇಕು. ಚೆಂಡು ಅಗಲಕ್ಕೆ ಹೋದರೆ ಆ ಕಡೆಯವರು ಪಕ್ಕದ ಓಣಿಯನ್ನು, ಇನ್ನೊಬ್ಬರು ನಡುವನ್ನು ಕಾಯಬೇಕು. ದೂರದ ಚೂಪು ಕರ್ಣವನ್ನು ತೆರೆದು ಬಿಡಬೇಕು, ಅದು ಎದುರಾಳಿಗೆ ಅತಿ ಕಷ್ಟದ ಹೊಡೆತ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದಾಗ ನಮ್ಮ ಪತ್ರಿಕೆಗಳೆಲ್ಲ ಅವರ ವಯಸ್ಸನ್ನು ಕೊಂಡಾಡಿದವು. ಮೊಣಕಾಲಿನ ಮೃದ್ವಸ್ಥಿ ಸವೆದಿದೆ ಎಂದು ಅವರೇ ಹೇಳಿಕೊಂಡಿದ್ದರು. ಅಂಥ ಮೊಣಕಾಲಿನಲ್ಲಿ ಇಪ್ಪತ್ತರ ಹುಡುಗರಿಗೆ ಓಟದಲ್ಲಿ ಸರಿಗಟ್ಟುವುದು ಆಗದ ಮಾತು. ದೊಡ್ಡ ಸರ್ವ್ ಜೊತೆಗೆ ಅವರನ್ನು ಆಡಿಸಿದ್ದು ಎಲ್ಲಿ ನಿಲ್ಲಬೇಕು, ಯಾವಾಗ ಅಡ್ಡ ನುಗ್ಗಬೇಕು ಎಂಬ ತಿಳಿವು. ಕ್ರೀಡಾ ಪುಟದಲ್ಲಿ ಏಸ್‌ಗಳ ಎಣಿಕೆ, ಸೆಟ್‌ಗಳ ಅಂಕಿ ಜೊತೆಗೆ ಇದರ ಬಗ್ಗೆಯೂ ನಾಲ್ಕು ಸಾಲು ಬಂದರೆ ಓದುವ ಮಕ್ಕಳ ಕಣ್ಣು ಅತ್ತ ಹೊರಳುತ್ತದೆ ಎಂದು ತಮ್ಮಲ್ಲಿ ವಿನಂತಿ.

ತರಬೇತುದಾರರು ನಾಳೆಯೇ ಮಾಡಬಹುದಾದ ಕೆಲವು ಅಭ್ಯಾಸಗಳಿವೆ. ಸೆಂಟರ್ ಮಾರ್ಕ್‌ನ ಎರಡೂ ಬದಿಗೆ ಮೂರು ಮೂರು ಅಡಿಯಲ್ಲಿ, ಬೇಸ್‌ಲೈನ್‌ನಿಂದ ಒಂದೆರಡು ಅಡಿ ಹಿಂದೆ, ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿ. ಇಬ್ಬರು ಮಕ್ಕಳನ್ನು ನಿಜವಾದ ರ‍್ಯಾಲಿಗೆ ಬಿಡಿ. ಬಲ ಮೂಲೆಯಿಂದ ಕರ್ಣ ಹೊಡೆದರೆ ಬಲ ಗುರುತಿಗೆ, ನೇರ ಹೊಡೆದರೆ ಎಡ ಗುರುತಿಗೆ. ಎಡ ಮೂಲೆಯಿಂದಾದರೆ ಇದರ ಕನ್ನಡಿ. ಮೊದಲ ವಾರ ಅಂಕ ಬೇಡ, ಗುರುತು ತಪ್ಪಿದ್ದನ್ನು ಮಾತ್ರ ಎಣಿಸಿ. ಎರಡನೇ ಅಭ್ಯಾಸ ಬಾಯಿಯದು: ಚೆಂಡು ನೆಟ್ ದಾಟುವ ಮೊದಲೇ ಮಗು ‘ಎಡ’, ‘ಬಲ’ ಎಂದು ಜೋರಾಗಿ ಹೇಳಬೇಕು. ಹತ್ತರಲ್ಲಿ ಎಂಟು ಸರಿ ಬಂದ ಮೇಲೆ ಗೆರೆಯನ್ನು ಹಿಂದಕ್ಕೆ ತಳ್ಳಿ, ಎದುರಾಳಿ ಹೊಡೆದ ಸದ್ದಿನ ಜೊತೆಗೇ ಹೇಳಬೇಕು ಎನ್ನಿ. ಸದ್ದಿಗೂ ಮೊದಲೇ ಹೇಳುತ್ತಿದ್ದರೆ ಅದು ಜೂಜು, ತಡೆಯಿರಿ. ಮೂರನೆಯದರಲ್ಲಿ ರ‍್ಯಾಕೆಟ್ಟೇ ಬೇಡ. ಆಚೆಯಿಂದ ಒಬ್ಬರು ಮೆತ್ತಗೆ ಹೊಡೆಯಲಿ, ಈಚೆಯ ಮಗು ಒಂದು ಪುಟದ ಬಳಿಕ ಚೆಂಡನ್ನು ಎರಡೂ ಕೈಯಲ್ಲಿ ಸೊಂಟದ ಎತ್ತರದಲ್ಲಿ, ಮೈಯ ಮುಂದೆ ಹಿಡಿಯಲಿ. ಕೈ ಚಾಚಿ ಹಿಡಿದರೆ ಲೆಕ್ಕಕ್ಕಿಲ್ಲ. ಕಾಲು ತಲುಪಿತೋ ಇಲ್ಲವೋ ಎಂಬುದು ಇಲ್ಲಿ ಮುಚ್ಚಿಡಲಾಗದು, ಏಕೆಂದರೆ ರ‍್ಯಾಕೆಟ್‌ನ ಉದ್ದ ನೆರವಿಗೆ ಬರುವುದಿಲ್ಲ.

ಬುಟ್ಟಿ ಬಿಡಲಾಗದ ದಿನ ಒಂದು ಸಣ್ಣ ಬದಲಾವಣೆ ಮಾಡಿ. ಕೈಯಿಂದ ಎಸೆಯುವ ಬದಲು ಆಚೆ ಬೇಸ್‌ಲೈನ್‌ನಲ್ಲಿ ನಿಂತು, ಚೆಂಡನ್ನು ನೆಲಕ್ಕೆ ಬಿಟ್ಟು, ಪೂರ್ತಿ ಹಿಂದಕ್ಕೆ ಎಳೆದ ರ‍್ಯಾಕೆಟ್‌ನಿಂದ ಹೊಡೆಯಿರಿ. ಎಡವೋ ಬಲವೋ ಮೊದಲೇ ಹೇಳಬೇಡಿ. ಮಗುವಿಗೆ ಓದಲು ಒಂದು ಮೈ, ಒಂದು ರ‍್ಯಾಕೆಟ್ ಸಿಗುತ್ತದೆ. ಸಾಲಿನಲ್ಲಿ ಕಾಯುವ ಮಕ್ಕಳಿಗೂ ಕೆಲಸ ಕೊಡಿ, ಅಲ್ಲಿ ನಿಂತೇ ಪ್ರತಿ ಚೆಂಡಿಗೂ ಸ್ಪ್ಲಿಟ್ ಸ್ಟೆಪ್ ಹಾಕಲಿ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಮೇಲಿನ ಅಡಿಗಳ ಲೆಕ್ಕ ಹೊಂದುವುದಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಕೈಬಿಟ್ಟಿದೆ. ಕೆಂಪು ಚೆಂಡಿಗೆ 11 ಮೀಟರ್ ಅಂಗಳ, ಕಿತ್ತಳೆಗೆ 18 ಮೀಟರ್, ಹಸಿರಿಗೆ ಪೂರ್ಣ ಅಂಗಳ. ಈ ಚೆಂಡುಗಳು ನಿಧಾನ, ತಗ್ಗಾಗಿ ಪುಟಿಯುತ್ತವೆ. ಪುಟ್ಟ ಮಗುವಿಗೆ ಎದುರಾಳಿಯನ್ನು ನೋಡಲು ಬಿಡುವು ಸಿಗುವುದು ಇದರಿಂದಲೇ. ಹಳದಿ ಚೆಂಡು ಕೊಟ್ಟು ಪೂರ್ಣ ಅಂಗಳಕ್ಕೆ ಬಿಟ್ಟರೆ ಎಂಟು ವರ್ಷದ ಮಗು ತಲೆಯ ಮೇಲೆ ಹಾರುವ ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ಬೇರೇನೂ ಕಲಿಯದು. ಆದರೂ ‘ನನ್ನ ಮಗು ಆಗಲೇ ಹಳದಿ ಚೆಂಡಿನಲ್ಲಿ ಆಡುತ್ತದೆ’ ಎಂಬುದನ್ನು ಬಡ್ತಿಯಂತೆ ಕಾಣುವ ಪೋಷಕರ ಒತ್ತಡಕ್ಕೆ ಶಿಬಿರಗಳು ಮಣಿಯುತ್ತಿವೆ. ಇದು ನಿಲ್ಲಬೇಕು.

ಪೋಷಕರು ಒಂದು ಪರೀಕ್ಷೆಯನ್ನು ತಾವೇ ಮಾಡಬಹುದು. ಮಗುವಿನ ಪಂದ್ಯಕ್ಕೆ ಹೋದಾಗ ಅಂಗಳದ ಪಕ್ಕದಲ್ಲಿ ಕೂರದೆ ಬೇಸ್‌ಲೈನ್ ಹಿಂದಿನ ಬೇಲಿಯ ಆಚೆ ನಿಲ್ಲಿ. ಹತ್ತು ಪಾಯಿಂಟ್‌ಗಳವರೆಗೆ ಅಂಕವನ್ನಾಗಲಿ ಚೆಂಡನ್ನಾಗಲಿ ನೋಡಬೇಡಿ, ನಿಮ್ಮ ಮಗುವಿನ ಪಾದಗಳನ್ನೇ ನೋಡಿ. ಆಚೆ ಕಡೆಯಿಂದ ರ‍್ಯಾಕೆಟ್ಟಿನ ಸದ್ದು ಬಂದಾಗ ಆ ಪಾದಗಳು ಇಳಿಯುತ್ತಿದ್ದವೇ, ಓಡುತ್ತಿದ್ದವೇ, ನೆಲಕ್ಕೆ ಅಂಟಿಕೊಂಡಿದ್ದವೇ ಎಂದು ಮೂರು ಕಾಲಂ ಮಾಡಿ ಚೀಟಿಯಲ್ಲಿ ಗೀಟು ಹಾಕಿ. ಆ ಚೀಟಿಯನ್ನು ಮಗುವಿಗೆ ಕೊಡಬೇಡಿ, ತರಬೇತುದಾರರ ಕೈಗೆ ಕೊಡಿ.

ಇಂತಿ,
ಟೆನಿಸ್ ತರಬೇತುದಾರರೊಬ್ಬರು
ಮೈಸೂರು